ಒಂಬತ್ತನೇ ನಂಬರಿನ ಗೋಡೆ

ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನ ಚಹಾದಂಗಡಿ. ಅಂಗಡಿಯ ಗೋಡೆಯ ಮೇಲೆ ಒಂದು ಬಾಣದ ಗುರುತಿದೆ. ಈಗ ನೀಲಿ ಬಣ್ಣದ್ದು, ಮೊದಲು ಹಳದಿ ಇತ್ತು. ಬಸ್ಸಿನಿಂದ ಇಳಿದವರು ಅದನ್ನು ನೋಡುತ್ತಾರೆ, ಆಮೇಲೆ ನನ್ನ ಕಡೆ ತಿರುಗಿ "ಇದು ಎಲ್ಲಿಗೆ ಹೊಕ್ಕೈತ್ರಿ?" ಅನ್ನುತ್ತಾರೆ. ಯಾರನ್ನೂ ಕೇಳದೆ ಹೋಗಲಿ ಅಂತಲೇ ಬಾಣ ಬರೆದದ್ದು, ಮಾರಾಯರೇ! ಆದರೂ ಕೇಳುತ್ತಾರೆ. ಕೇಳಿದ ಮೇಲೆ ಒಂದು ಕಪ್ಪು ಚಹಾನಾದರೂ ಕುಡಿಯುತ್ತಾರೋ, ಅದೂ ಇಲ್ಲ. ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ಆ ಬಾಣ ಬರೆದವನು ಬಾಳು. ಅವನ ಕತೆಯಲ್ಲಿ ಒಂದು ಸಂಗತಿಯನ್ನು ಯಾರಿಗೂ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ, ಊರೊಳಗೆ ಅವನು ಚಿತ್ರ ತೆಗೆದ ಒಂದು ಗೋಡೆ ನಿಂತಿರುವ ತನಕ. ಎರಡು ಸಾವಿರದ ಹತ್ತೊಂಬತ್ತರ ಮಳೆಗೆ ಆ ಗೋಡೆ ನೆನೆದು ಕುಸಿದು ಮಣ್ಣಾಯಿತು. ಇನ್ನು ಹೇಳಿದರೆ ಯಾರಿಗೂ ಏನೂ ಆಗುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ಬಾಳು ನಮ್ಮೂರಿನ ಬೌದ್ಧರ ಓಣಿಯವನು. ಹುಡುಗನಿದ್ದಾಗ ನಿಪ್ಪಾಣಿಗೆ ಹೋಗಿ ಸಿನಿಮಾ ಬೋರ್ಡು ಬರೆಯುವವನೊಬ್ಬನ ಹತ್ತಿರ ಬಣ್ಣ ಕಲಸುತ್ತ ಕೈ ಕುದುರಿಸಿಕೊಂಡ. ಊರಿಗೆ ಬಂದ ಮೇಲೆ ಅವನು ಬರೆಯದ ಗೋಡೆ ಇಲ್ಲ. ಶಾಲೆಗೆ ಭಾರತದ ನಕಾಶೆ, ಟ್ರ್ಯಾಕ್ಟರಿನ ಟ್ರಾಲಿಗೆ ಕಮಲದ ಹೂವು, ಏಪ್ರಿಲ್ ತಿಂಗಳ ಜಯಂತಿಗೆ ಬಾಬಾಸಾಹೇಬರ ಚಿತ್ರ, ನನ್ನ ಅಂಗಡಿಗೆ 'ತವನಪ್ಪನ ಚಹಾ' ಎಂಬ ಬೋರ್ಡು. ಆ ಬೋರ್ಡಿನಲ್ಲಿ ಕಪ್ಪಿನಿಂದ ಹೊಗೆ ಏಳುವುದನ್ನು ಎಷ್ಟು ಚೆಂದ ತೆಗೆದಿದ್ದನೆಂದರೆ, ಅದನ್ನು ನೋಡಿ ಬಂದವರು ನನ್ನ ಚಹಾ ಕುಡಿದು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು.

ಆದರೆ ಅವನ ನಿಜವಾದ ಕೆಲಸ ಮದುವೆಯ ಗೋಡೆಗಳದ್ದು. ನಮ್ಮ ಕಡೆ ಮದುವೆ ನಿಶ್ಚಯವಾದ ಮನೆಯ ಮುಂದಿನ ಗೋಡೆಗೆ ಸುಣ್ಣ ಬಳಿಸಿ ಚಿತ್ರ ತೆಗೆಸುತ್ತಿದ್ದರು. ಬಾಗಿಲಿನ ಒಂದು ಬದಿಗೆ ಭರ್ಚಿ ಹಿಡಿದ ಕಾವಲುಗಾರ, ಇನ್ನೊಂದು ಬದಿಗೆ ಕಳಸ ಹಿಡಿದು ನಿಂತ ಹೆಣ್ಣುಮಗಳು, ಮೇಲೆ ಆನೆ, ಗಿಳಿ, 'ಶುಭವಿವಾಹ' ಎಂದು ಮದುಮಕ್ಕಳ ಹೆಸರು. ಆ ಮನೆಯಲ್ಲಿ ಇನ್ನೊಂದು ಮದುವೆ ಬರುವ ತನಕ ಆ ಚಿತ್ರಕ್ಕೆ ಯಾರೂ ಕೈ ಹಚ್ಚುತ್ತಿರಲಿಲ್ಲ. ಇನ್ನೊಂದು ಬಂತೆಂದರೆ ಹಳೆಯದರ ಮೇಲೆ ಸುಣ್ಣ. ಬಾಳು ಇದಕ್ಕೆ ಯಾವತ್ತೂ ಬೇಜಾರು ಮಾಡಿಕೊಂಡವನಲ್ಲ. ತಾನು ತೆಗೆದದ್ದನ್ನು ತಾನೇ ಅಳಿಸಿ, ಅಲ್ಲೇ ಹೊಸದು ತೆಗೆಯುತ್ತಿದ್ದ.

ಅವನ ಹೆಂಡತಿ ಪದ್ಮವ್ವ, ಉಗಾರ ಬುದ್ರುಕದವಳು. ಬಣ್ಣ ಕಲಸುವುದು, ಏಣಿ ಹಿಡಿಯುವುದು, ಬ್ರಶ್ ತೊಳೆಯುವುದು ಎಲ್ಲ ಅವಳೇ. ಗಂಡ ಮಾತಿಲ್ಲದವನಾದರೆ ಅವಳಿಗೆ ಬಾಯಿ ಮುಚ್ಚಿ ಗೊತ್ತಿರಲಿಲ್ಲ. "ನಿಮ್ಮ ಚಾದಾಗ ಹಾಲು ಎಲ್ಲೈತ್ರಿ ಅಣ್ಣಾ, ಬ್ಯಾಟರಿ ಹಚ್ಚಿ ನೋಡ್ಲೇನು?" ಎಂದು ನನ್ನ ಗಿರಾಕಿಗಳ ಮುಂದೆಯೇ ಅಂದುಬಿಡುತ್ತಿದ್ದಳು. ಸಿಟ್ಟು ಬರುತ್ತಿತ್ತು, ನಗುವೂ ಬರುತ್ತಿತ್ತು. ಗದ್ದದ ಮೇಲೆ ಮೂರು ಹಚ್ಚೆ ಚುಕ್ಕೆ, ಎಡಗಡೆಯ ಹುಬ್ಬು ಬಲಗಡೆಯದಕ್ಕಿಂತ ಚೂರು ಮೇಲೆ. ಏನು ಹೇಳಿದರೂ ನಂಬುವುದಿಲ್ಲ ಅನ್ನುವಂಥ ಮುಖ.

ಎರಡು ಸಾವಿರದ ಮೂರರಲ್ಲಿ ರಾವಸಾಹೇಬರ ಹಿರಿಮಗಳ ಮದುವೆ. ರಾವಸಾಹೇಬರು ಹಳೆಯ ಸಾವಕಾರರು, ಕರಿಕಲ್ಲಿನ ದೊಡ್ಡ ವಾಡೆ ಅವರದು, ಮುಂದಿನ ಗೋಡೆ ಮಾತ್ರ ಮಣ್ಣಿನದು. ಬಾಳು ಅಲ್ಲಿ ಗೋಡೆ ಬರೆಯಲು ಹೋದ. ಪದ್ಮವ್ವ ಎದುರಿಗಿದ್ದ ಕಲ್ಲಿನ ಮೇಲೆ ಕುಳಿತು ಬಣ್ಣ ಕಲಸುತ್ತಿದ್ದಳು. ಕಳಸದ ಹೆಣ್ಣುಮಗಳ ಮುಖ ತೆಗೆಯುವ ಹೊತ್ತಿಗೆ ಬಾಳುವಿನ ಕಣ್ಣಿಗೆ ಎದುರಿಗಿದ್ದ ಮುಖವೇ ಬಿತ್ತು. ಅದನ್ನೇ ತೆಗೆದ. ಹಚ್ಚೆಯ ಚುಕ್ಕೆ, ಹುಬ್ಬು, ಎಲ್ಲ. "ಏ, ಹುಚ್ಚ ಹಿಡದೈತೇನು ನಿನಗ? ಅವರಿಗೆ ಗೊತ್ತಾದ್ರ ಏನ ಅಂದಾರು" ಎಂದು ಪದ್ಮವ್ವ ಬೈದಳಂತೆ. ಯಾರಿಗೂ ಗೊತ್ತಾಗಲಿಲ್ಲ. ರಾವಸಾಹೇಬರ ತಾಯಿ ಅಕ್ಕುತಾಯಿ ಹೊರಗೆ ಬಂದು ನೋಡಿ, "ಬಾಳ್ಯಾ, ಚಲೋ ಆಗೇತಲೇ, ಸಾಕ್ಷಾತ್ ಲಕ್ಷ್ಮೀ ಬಂದು ನಿಂತಂಗ ಆಗೇತಿ" ಎಂದರು. ಹಿಂದೆಯೇ ಪದ್ಮವ್ವ ಕುಡಿಯಲು ನೀರು ಕೇಳಿದಳು. ಅಕ್ಕುತಾಯಿ ಮೆಟ್ಟಿಲ ಮೇಲೆ ನಿಂತು, ತಂಬಿಗೆ ಎತ್ತಿ, ಅವಳ ಬೊಗಸೆಗೆ ಮೇಲಿಂದ ನೀರು ಹೊಯ್ದರು. ಇದನ್ನು ಪದ್ಮವ್ವನೇ ನನಗೆ ನಗುತ್ತ ಹೇಳಿದ್ದಳು. ಅವಳು ನಕ್ಕಳು, ನನಗೆ ನಗಲಾಗಲಿಲ್ಲ.

ಆಮೇಲೆ ಎಲ್ಲ ಒಂದರ ಹಿಂದೆ ಒಂದು. ಎರಡು ಸಾವಿರದ ಐದರಲ್ಲಿ ಕೃಷ್ಣಾ ಹೊಳೆ ಬಂದಾಗ ಉಗಾರದಲ್ಲಿ ಪದ್ಮವ್ವನ ತವರುಮನೆ ನೀರೊಳಗೆ ನಿಂತಿತು. ಅವಳ ಮತ್ತು ಬಾಳುವಿನ ಮದುವೆಯ ಫೋಟೋಗಳಿದ್ದ ಟ್ರಂಕು ಅಲ್ಲೇ ಇತ್ತು, ಹೋಯಿತು. ಸ್ವಲ್ಪ ದಿನಕ್ಕೆ ಫ್ಲೆಕ್ಸ್ ಬಂತು. ಮದುವೆಯಾಗಲಿ, ಬರ್ತ್‌ಡೇ ಆಗಲಿ, ಸತ್ತವರ ಪುಣ್ಯತಿಥಿಯಾಗಲಿ, ಒಂದೇ ದಿನದಲ್ಲಿ ಮೆಷಿನ್ನಿನಿಂದ ಮುಖ ಹೊರಗೆ ಬೀಳತೊಡಗಿತು. ನಾನೂ ನನ್ನ ಬೋರ್ಡು ಫ್ಲೆಕ್ಸ್ ಮಾಡಿಸಿದೆ, ಸುಳ್ಳು ಯಾಕೆ ಹೇಳಲಿ. ಬಾಳು ನೋಡಿದ, "ಚಲೋ ಐತಿ ಅಣ್ಣಾ" ಎಂದ, ಚಹಾ ಕುಡಿದು ಹೋದ. ಎರಡು ಸಾವಿರದ ಎಂಟರಲ್ಲಿ ಪದ್ಮವ್ವನಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಮಿರಜಿನ ದವಾಖಾನೆಗೆ ಒಯ್ದರು, ತಿರುಗಿ ತಂದರು. ದೀಪಾವಳಿಗೆ ಅವಳಿರಲಿಲ್ಲ.

ಆಮೇಲಿಂದ ಬಾಳು ಆಗಾಗ ರಾವಸಾಹೇಬರ ಓಣಿಯ ಮೂಲಕವೇ ಮನೆಗೆ ಹೋಗತೊಡಗಿದ. ಅದು ಅವನ ದಾರಿಯೇ ಅಲ್ಲ, ಸುತ್ತು. ನಾನು ಕೇಳಿದಾಗ ಹೇಳಿದ: "ಮನ್ಯಾಗ ಅಕಿದು ವೋಟಿಂಗ್ ಕಾರ್ಡಿನ ಫೋಟೋ ಒಂದ ಉಳದೈತಿ. ಅದರಾಗ ಅಕಿನೋ ನಾನೋ ಗೊತ್ತಾಗಂಗಿಲ್ಲ. ಖರೇ ಮುಖ ಇರೂದು ಆ ಗ್ವಾಡಿ ಮ್ಯಾಲೆ ಅಣ್ಣಾ." ರಾಯಬಾಗಕ್ಕೆ ಕೊಟ್ಟ ಮಗಳು ಪ್ರಾಜಕ್ತಾಗೆ ಒಂದು ಹೆಣ್ಣು ಕೂಸಿತ್ತು, ಸಪನಾ. ಪದ್ಮವ್ವ ಸತ್ತ ಮೇಲೆ ಹುಟ್ಟಿದ್ದು. ಅದು ಮಾತು ಕಲಿತಾಗಿನಿಂದ "ಆಯಿ ಹೆಂಗಿದ್ಳು?" ಎಂದು ಅಜ್ಜಿಯ ಬಗ್ಗೆಯೇ ಕೇಳುತ್ತಿತ್ತಂತೆ. ಎಂದಾದರೂ ಕರೆದುಕೊಂಡು ಬಂದು ತೋರಿಸುತ್ತೇನೆ ಎಂದು ಬಾಳು ಮೊಮ್ಮಗಳಿಗೆ ಮಾತು ಕೊಟ್ಟಿದ್ದ. ಆದರೆ ರಾಯಬಾಗದಿಂದ ಚಿಕ್ಕೋಡಿಗೆ ಬರುವುದು ಅವರಿಗೆ ಮುಂದಕ್ಕೆ ಮುಂದಕ್ಕೆ ಹೋಗುತ್ತಲೇ ಇತ್ತು. ಕಬ್ಬಿನ ಹಂಗಾಮು, ಅತ್ತೆಯ ಕಾಯಿಲೆ, ಏನಾದರೊಂದು.

ಎರಡು ಸಾವಿರದ ಹದಿಮೂರರಲ್ಲಿ ರಾವಸಾಹೇಬರ ಕಿರಿಮಗನ ಮದುವೆ ಗಟ್ಟಿಯಾಯಿತು. ಮುಂದಿನ ಬೇಸಿಗೆಗೆ ಮದುವೆ. ಈ ಸಲ ಸುಣ್ಣವೂ ಇಲ್ಲ, ಚಿತ್ರವೂ ಇಲ್ಲ, ಮುಂದಿನ ಗೋಡೆಗೆ ಟೈಲ್ಸ್. ಅದನ್ನು ನನ್ನ ಅಂಗಡಿಯಲ್ಲೇ ಕುಳಿತು ರಾವಸಾಹೇಬರು ಹೇಳಿದರು. ಬಾಳು ಅಲ್ಲೇ ಬೆಂಚಿನ ತುದಿಗಿದ್ದ. ಚಹಾ ತಣ್ಣಗಾಗಿ ಕೆನೆ ಕಟ್ಟಿದರೂ ಅವನು ಕಪ್ಪು ಎತ್ತಲಿಲ್ಲ.

ಅದೇ ಹೊತ್ತಿಗೆ ದುಂಡೇಶ ಮಾಸ್ತರರ ತಲೆಯಲ್ಲಿ ಹುಳ ಹೊಕ್ಕಿತು. ರಿಟೈರ್ ಆದ ಡ್ರಾಯಿಂಗ್ ಮಾಸ್ತರರು. ನಮ್ಮೂರಿನ ಹಳೆಯ ಕಟ್ಟಡ, ಕೆತ್ತನೆ, ಗಾರೆಯ ಕೆಲಸ ಯಾರೂ ನೋಡುವುದಿಲ್ಲ ಎಂಬುದು ಅವರ ದುಃಖ. ತಮ್ಮಂಥ ನಾಲ್ಕು ಮಂದಿಯನ್ನು ಕಟ್ಟಿಕೊಂಡು 'ನೀವೇ ನಡೆದು ನೋಡಿ' ಎಂಬ ದಾರಿ ಮಾಡಿದರು. ನನ್ನ ಅಂಗಡಿಯಿಂದ ಶುರು. ಹಳೆಯ ಕಲ್ಲುಕಟ್ಟಡದ ಕಮಾನು, ಗುಡಿಯ ಕಂಬ, ಕಟ್ಟಿಗೆಯ ಕೆತ್ತನೆ ಇರುವ ವಾಡೆ, ಮೆಟ್ಟಿಲಬಾವಿ, ಮಸೀದಿಯ ಗೋಡೆಯ ಗಾರೆಬಳ್ಳಿ, ಹೀಗೆ ಊರೆಲ್ಲ ಸುತ್ತಿ ತಿರುಗಿ ನನ್ನ ಅಂಗಡಿಗೇ ಬರುವುದು. ಪ್ರತಿ ತಿರುವಿನಲ್ಲೂ ಬಾಣ, ಪ್ರತಿ ಜಾಗಕ್ಕೂ ನಂಬರ್. ಜೊತೆಗೆ ಯಾರೂ ಬೇಕಾಗಿಲ್ಲ. ನಮ್ಮೂರಲ್ಲಿ ಯಾರು ಬರುತ್ತಾರೆ ಮಾಸ್ತರ್ರ ಎಂದು ನಾನು ಕೇಳಿದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದರು.

ಬಾಣ ಬರೆಯುವ ಕೆಲಸ ಬಾಳುಗೆ ಬಂತು. ಕರಿಕಲ್ಲಿನ ಮೇಲೆ ಎದ್ದು ಕಾಣಲಿ ಎಂದು ಹಳದಿ ಬಣ್ಣ. ಕೆಲಸ ಶುರುವಾಗುವ ದಿನ ಬೆಳಿಗ್ಗೆ ಅವನು ಮಾಸ್ತರರನ್ನು ಕೇಳಿದ. ನಾನು ಅಲ್ಲೇ ಹಾಲು ಕಾಯಿಸುತ್ತಿದ್ದೆ.

"ಸರ್, ರಾವಸಾಹೇಬರ ಮನಿ ಮುಂದಿನ ಗ್ವಾಡಿಗೂ ಒಂದ್ ನಂಬರ್ ಹಾಕ್ರಿ."

"ಅದು ನೀ ತಗದದ್ದಲ್ಲೋ ಬಾಳು? ಚಲೋ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಮೊನ್ನಿ ಮೊನ್ನಿದು. ಇದರಾಗ ಇರೂವೆಲ್ಲ ನೂರು ವರ್ಷದ ಮ್ಯಾಲಿನವು."

"ನೂರು ವರ್ಷ ಆದಮ್ಯಾಲೆ ಹಾಕ್ತೀರೇನ್ರಿ? ಅಲ್ಲೀತನಕ ಅದು ಉಳೀಬೇಕಲ್ರಿ ಸರ್."

ಮಾಸ್ತರರು ನಕ್ಕು ಬಿಟ್ಟರು. ಬಾಳು ನಗಲಿಲ್ಲ, ಡಬ್ಬಿ ಎತ್ತಿಕೊಂಡು ಹೋದ. ಮೆಟ್ಟಿಲಬಾವಿಯ ಹತ್ತಿರ ಎಡಕ್ಕೆ ತಿರುಗಬೇಕಿದ್ದ ಬಾಣವನ್ನು ಬಲಕ್ಕೆ ತಿರುಗಿಸಿದ. ಅಲ್ಲಿಂದ ರಾವಸಾಹೇಬರ ಓಣಿ. ಆ ಗೋಡೆಯ ಬುಡದಲ್ಲಿ, ಎಲ್ಲಕ್ಕಿಂತ ದೊಡ್ಡದೊಂದು ಬಾಣ ತೆಗೆದು, ಅದರ ಮೂತಿಯನ್ನು ನೆಟ್ಟಗೆ ಪದ್ಮವ್ವನ ಕಡೆಗೆ ಮಾಡಿ, ಒಂಬತ್ತು ಎಂದು ಬರೆದ. ಹೊರಗಿನವರು ಬಂದು ನೋಡತೊಡಗಿದರೆ ಸಾವಕಾರರಿಗೆ ಟೈಲ್ಸ್ ಬಡಿಯಲು ಮನಸ್ಸು ಬರಲಿಕ್ಕಿಲ್ಲ, ಇದು ಅವನ ಲೆಕ್ಕಾಚಾರ. ಮಾಸ್ತರರು ನೋಡಿದಾಗ ಸಿಟ್ಟಿಗೇಳುತ್ತಾರೆ ಅಂದುಕೊಂಡಿದ್ದೆ. ಅವರು ಬಿಸಿಲಲ್ಲಿ ಊರು ಸುತ್ತಿ ಸುತ್ತಿ ದಣಿದಿದ್ದರು. "ಹೋಗ್ಲಿ ಬಿಡು ತವನಪ್ಪ, ಒಂದು ಹೆಚ್ಚಾತು" ಎಂದು ಕುರ್ಚಿಯಲ್ಲಿ ಕುಳಿತರು.

ಜನ ಬಂದರು, ಬರಲಿಲ್ಲ ಅನ್ನಲಾರೆ. ಪುಣೆಯ ಇಬ್ಬರು ಗಂಡ ಹೆಂಡತಿ, ಕಾಲೇಜು ಹುಡುಗರು, ಅಥಣಿಯ ಒಬ್ಬ ಫೋಟೋಗ್ರಾಫರ್. ಉಳಿದವರು ಮೊದಲನೇ ಬಾಣದಿಂದ ಎರಡನೆಯದರ ತನಕ ಹೋಗಿ ತಿರುಗಿ ಬಂದು ಪಾಯಖಾನೆ ಎಲ್ಲಿ ಎಂದು ಕೇಳುವವರು. ಯಾರೇ ಬರಲಿ, ಬಾಳು ಅವರ ಹಿಂದೆ ಸ್ವಲ್ಪ ದೂರದಲ್ಲಿ ನಡೆಯುತ್ತಿದ್ದ. ಮಂಡಿನೋವು ಬೇರೆ. ತಿರುಗಿ ಬಂದು ಬೆಂಚಿನ ಮೇಲೆ ಕುಸಿದು ಕೂರುತ್ತಿದ್ದ. "ಒಂಬತ್ತರ ಮುಂದ ನಿಂತ್ರೇನು?" ಎಂದು ನಾನು ಕೇಳಬೇಕು. "ನಿಂತ್ರು" ಅನ್ನುತ್ತಿದ್ದ, ಇಲ್ಲವೇ ಸುಮ್ಮನೆ ಕೈ ಆಡಿಸುತ್ತಿದ್ದ. ಅಷ್ಟರಲ್ಲಿ ರಾವಸಾಹೇಬರ ಟೈಲ್ಸ್ ಬಂದು ಅಂಗಳದಲ್ಲಿ ಇಳಿದವು.

ಭಾರತ ಹುಣ್ಣಿಮೆ ಹತ್ತಿರ ಬಂತು. ಆ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕನಿಗೆ ಮಹಾರಾಷ್ಟ್ರದ ಕಡೆಯಿಂದ ಮಂದಿ ಎತ್ತಿನ ಗಾಡಿ ಕಟ್ಟಿಕೊಂಡು ನಮ್ಮೂರಿನ ಮೂಲಕವೇ ಹೋಗುತ್ತಾರೆ. ಮುಂದೆ ನಡೆಯುವವರು ಹಿಂದಿನ ಗಾಡಿಗಳಿಗೆ ದಾರಿ ತಿಳಿಯಲಿ ಎಂದು ಪ್ರತಿ ತಿರುವಿನ ಕಲ್ಲಿಗೂ ಒಂದು ಹಿಡಿ ಭಂಡಾರ, ಅಂದರೆ ಅರಿಸಿನಪುಡಿ, ಎರಚಿ ಹೋಗುವುದು ಮೊದಲಿಂದ ಬಂದ ಪದ್ಧತಿ. ಕಲ್ಲಿನ ಮೇಲೆ ಹಳದಿ ಕಂಡರೆ ಅದು ಅವ್ವನ ದಾರಿ. ಇದು ನನಗೂ ಗೊತ್ತು, ಬಾಳುಗೂ ಗೊತ್ತು, ಮಾಸ್ತರರಿಗೂ ಗೊತ್ತು. ಹಳದಿ ಬಣ್ಣದ ಡಬ್ಬಿ ತೆರೆದಾಗ ಮೂರು ಜನರಲ್ಲಿ ಒಬ್ಬರಿಗಾದರೂ ನೆನಪಾಗಬೇಡವೇ? ಆಗಲಿಲ್ಲ. ನಮ್ಮ ಬುದ್ಧಿಗೆ ಏನು ಬಡಿದಿತ್ತೋ!

ಒಂದು ಬೆಳಿಗ್ಗೆ ಗಂಟೆಯ ಸದ್ದು ಮಾಡುತ್ತ ಗಾಡಿಗಳ ಸಾಲು ಬಂತು. ನೇರ ರಾಯಬಾಗದ ರಸ್ತೆ ಹಿಡಿಯಬೇಕಾದ ಗಾಡಿಗಳು ನನ್ನ ಅಂಗಡಿಯ ಗೋಡೆ ನೋಡಿದವು, ಓಣಿಗೆ ತಿರುಗಿದವು. "ಏಯ್, ಆ ಕಡೆ ಅಲ್ರಿ!" ಎಂದು ನಾನು ಕೂಗಿದೆ. ಹಲಗೆಯ ಬಡಿತದಲ್ಲಿ ಯಾರಿಗೆ ಕೇಳಬೇಕು? ಊರಿನ ಕಮಾನು, ಕಂಬ, ಬಾವಿ ಎಲ್ಲವನ್ನೂ ಸುತ್ತಿ ಗಾಡಿಗಳು ತಿರುಗಿ ನನ್ನ ಅಂಗಡಿಯ ಮುಂದೆಯೇ ಬಂದು ನಿಂತವು. "ಅಹೋ ಶೇಠ, ಚಿಂಚಲೀಚಾ ರಸ್ತಾ ಕುಠಲಾ?" ಎಂದು ಬೆವರು ಒರೆಸಿಕೊಳ್ಳುತ್ತ ಒಬ್ಬ ಮುದುಕ ದಾರಿ ಕೇಳಿದ. ದುಂಡೇಶ ಮಾಸ್ತರರ ದಾರಿಯನ್ನು ಒಂದನೇ ನಂಬರಿನಿಂದ ಕೊನೆಯ ತನಕ ಪೂರ್ತಿ ನಡೆದವರು ಅವರೊಬ್ಬರೇ ಇರಬೇಕು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮುದುಕನ ಮೈಯೆಲ್ಲ ಹಳದಿಯಾಗಿತ್ತು. ಇಷ್ಟೊಂದು ಭಂಡಾರ ಇಲ್ಲೇ ಯಾಕೆ ಆಡಿದರು ಎಂದು ನನಗೆ ಹೊಳೆಯಲಿಲ್ಲ.

ಬಾಳು ಓಡುತ್ತ ಬಂದ. ಮಂಡಿನೋವಿನವನು, ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಅಣ್ಣಾ, ಬಾ" ಎಂದ, ಅಷ್ಟೇ. ಒಲೆ ಸಣ್ಣದು ಮಾಡಿ ಹೋದೆ.

ಒಂಬತ್ತನೇ ಗೋಡೆಯ ಮುಂದೆ ಜನ ಕಿಕ್ಕಿರಿದಿದ್ದರು. ಬಾಣಗಳ ಹಿಂದೆ ಬಂದವರಿಗೆ ಎಲ್ಲಕ್ಕಿಂತ ದೊಡ್ಡ ಬಾಣ, ಅದರ ಮೂತಿಗೆ ಕಳಸ ಹಿಡಿದ ಹೆಣ್ಣುಮಗಳು, ಗದ್ದಕ್ಕೆ ಹಚ್ಚೆ. ಮಾಯಕ್ಕನೇ ಎಂದು ನಂಬಲು ಇನ್ನೇನು ಬೇಕು? ಯಾರೋ ಒಬ್ಬ ಮುದುಕಿ ಮೊದಲ ಹಿಡಿ ಎರಚಿದಳಂತೆ. ಆಮೇಲೆ ಗಾಡಿ ಗಾಡಿಯವರೂ ಎರಚಿದರು. "ಮಾಯಕ್ಕಾಚ್ಯಾ ನಾವಾನಂ ಚಾಂಗಭಲಂ!" ಎಂದು ಓಣಿಯೆಲ್ಲ ಜೈಕಾರ ಒದರಿತು. ಎಣ್ಣೆ ಹೊಯ್ದರು, ಅದರ ಮೇಲೆ ಮತ್ತೆ ಅರಿಸಿನ. ನಾವು ಹೋಗುವಷ್ಟರಲ್ಲಿ ಪದ್ಮವ್ವನ ಮುಖ ಇರಲಿಲ್ಲ. ಹಳದಿ ಇತ್ತು.

ಹುಣ್ಣಿಮೆ ಮುಗಿಸಿ ತಿರುಗಿ ಹೋಗುವಾಗಲೂ ಅವರು ಅಲ್ಲಿಗೆ ಬಂದು ಕಾಯಿ ಒಡೆದು ಹೋದರು. ಅಕ್ಕುತಾಯಿ ಮಗನಿಗೆ ಹೇಳಿಬಿಟ್ಟರು: "ಅವ್ವ ತಾನ ಮನಿ ಮುಂದ ಬಂದು ನಿಂತಾಳ. ಆ ಗ್ವಾಡಿಗೆ ಟೈಲ್ಸ ಹಚ್ಚಿದ್ರ ನಾ ಈ ಮನ್ಯಾಗ ಇರಂಗಿಲ್ಲ." ಟೈಲ್ಸ್ ಹಿತ್ತಲಿನ ಬಚ್ಚಲಿಗೆ ಹೋದವು. ಗೋಡೆ ಉಳಿಯಿತು. ಬಾಳು ಏನು ಆಗಲಿ ಎಂದು ಬಯಸಿದ್ದನೋ ಅದೇ ಆಯಿತು, ಮತ್ತು ಅದರಿಂದ ಅವನಿಗೆ ಏನೂ ಸಿಗಲಿಲ್ಲ. ಈ ಊರಿನಲ್ಲಿ ಬಡವನ ಆಸೆ ಹೀಗೇ ಈಡೇರುತ್ತದೋ ಏನೋ ಎಂದು ನನಗೆ ಮೈಯೆಲ್ಲ ಉರಿಯಿತು.

ಒಂದು ಮಧ್ಯಾಹ್ನ ಓಣಿ ಖಾಲಿ ಇದ್ದಾಗ ಬಾಳು ಒದ್ದೆ ಬಟ್ಟೆ ತೆಗೆದುಕೊಂಡು ಹೋದ. ನಾನೂ ಜೊತೆಗಿದ್ದೆ. ಬಟ್ಟೆ ಗೋಡೆಗೆ ತಾಗುವುದರೊಳಗೆ ಮೆಟ್ಟಿಲ ಮೇಲಿಂದ ಅಕ್ಕುತಾಯಿ ಚೀರಿದರು.

"ಏ ಬಾಳ್ಯಾ! ಮುಟ್ಟಬ್ಯಾಡಲೇ! ದೂರ ಸರಿ, ದೂರ!"

"ಅವ್ವಾರ, ಇದು ನಾನ ತಗದದ್ದರಿ."

"ತಗದಿರಬೇಕು. ಈಗ ದೇವರಾಗೇತಿ. ನೀ ಮುಟ್ಟಂಗಿಲ್ಲ."

ಬಾಳು ಕೈ ಹಿಂದಕ್ಕೆ ತೆಗೆದುಕೊಂಡ. ನಾನು ಬಾಯಿ ತೆರೆದೆ. ಅವನು ನನ್ನ ಮೊಳಕೈ ಹಿಡಿದು ಓಣಿಯ ಆಚೆ ತನಕ ಎಳೆದುಕೊಂಡು ಬಂದ.

"ಬಿಡಲೇ ನನ್ನ! ಅದು ಯಾರ ಮುಖ ಅಂತ ಹೇಳಿ ಬರತೀನಿ. ಯಾರಿಗೆ ಮ್ಯಾಲಿಂದ ನೀರು ಹೊಯ್ದಿದ್ಳೋ ಅಕಿಗೇ ದಿನಾ ಹೋಳಿಗಿ ಎಡಿ ಹಿಡಿಯಾಕತ್ತಾಳ ಮುದುಕಿ. ಗೊತ್ತಾಗ್ಲಿ!"

"ಹೇಳಬ್ಯಾಡ ಅಣ್ಣಾ. ಹೇಳಿದ್ರ ನಾಳೆನ ಹಾರಿ ಗುದ್ದಲಿ ತಗೊಂಡು ಕೆಡವತಾರ. ಹಿಂಗರ ಇರ್ಲಿ. ಗ್ವಾಡಿ ಇರೂತನಕ ಅಕಿ ಅಲ್ಲಿರತಾಳ. ಮಾತು ಕೊಡು."

ಕೊಟ್ಟೆ. ಅಂಗಡಿಗೆ ಬಂದು ಎರಡು ಗ್ಲಾಸು ಒಡೆದೆ, ಸಿಟ್ಟಿಗೆ. ಅವನು ಚೂರುಗಳನ್ನು ಆರಿಸಿದ. ಮರುದಿನದಿಂದ ಊರಿನ ಎಲ್ಲ ಬಾಣಗಳಿಗೂ ನೀಲಿ ಬಣ್ಣ ಬಳಿಯತೊಡಗಿದ, ಮಾಸ್ತರರು ಹೇಳಿದ್ದರು. ಒಂಬತ್ತನೆಯದಕ್ಕೆ ಬಳಿಯಲು ಅಕ್ಕುತಾಯಿ ಬಿಡಲಿಲ್ಲ.

ಮದುವೆಯಾದ ಮೇಲೆ ಹೊಸ ಸೊಸೆಯ ತವರಿನವರು ಬೆಳ್ಳಿಯ ಕಣ್ಣು ಮಾಡಿಸಿ ತಂದರು. ಮೇಣ ಹಚ್ಚಿ ಹಳದಿಯ ಮೇಲೆ ಅಂಟಿಸಿದರು. ಎರಡೂ ಕಣ್ಣು ಒಂದೇ ಮಟ್ಟಕ್ಕೆ, ಒಂದೇ ಅಳತೆಗೆ, ಹುಬ್ಬಿಲ್ಲದೆ.

ಇಷ್ಟೆಲ್ಲ ಆದ ಮೇಲೆ, ಶಾಲೆಯ ಸೂಟಿಯಲ್ಲಿ, ಪ್ರಾಜಕ್ತಾ ಮಗಳನ್ನು ಕರೆದುಕೊಂಡು ಬಂದಳು. ಬಸ್ಸಿನಿಂದ ಇಳಿದವರೇ ನನ್ನ ಅಂಗಡಿಗೆ ಬಂದರು. ಪ್ರಾಜಕ್ತಾಗೆ ಬಾಳು ಎಲ್ಲ ಹೇಳಿದ್ದ, ಅವಳು ತಲೆ ತಗ್ಗಿಸಿ ಕುಳಿತಿದ್ದಳು. ಸಪನಾಗೆ ಏನೂ ಗೊತ್ತಿಲ್ಲ, ಅಜ್ಜನ ಕೈ ಹಿಡಿದು ಜಗ್ಗುತ್ತಿದ್ದಳು. "ನಡಿ ಅಜ್ಜಾ, ಆಯೀನ ತೋರಿಸ್ತೀನಿ ಅಂದಿದ್ದಿ." ಇವತ್ತು ಬೇಡ, ಬಿಸಿಲಿದೆ, ಎಂದು ನಾನು ಹೇಳಿ ನೋಡಿದೆ. ಬಾಳು ಎದ್ದ. ನಾನೂ ಒಲೆ ಆರಿಸಿ ಹೊರಟೆ. ನನ್ನ ಗೋಡೆಯಿಂದಲೇ ಶುರುವಾಗಿದ್ದರೂ ಆ ಬಾಣಗಳ ಹಿಂದೆ ನಾನು ಮೊದಲಿಂದ ನಡೆದದ್ದು ಅವತ್ತೇ. ಬಾಳು ಒಂದೊಂದೇ ಬಾಣದ ಹತ್ತಿರ ನಿಲ್ಲುತ್ತ, ಮಂಡಿ ಒತ್ತಿಕೊಳ್ಳುತ್ತ, ಕಮಾನು ತೋರಿಸಿದ, ಕಂಬ ತೋರಿಸಿದ, ಬಾವಿ ತೋರಿಸಿದ. ಹೊತ್ತು ಕಳೆಯುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು.

ಅಕ್ಕುತಾಯಿ ಎಡೆ ಇಟ್ಟು ಕೈ ಮುಗಿಯುತ್ತಿದ್ದರು. ನಮ್ಮನ್ನು ನೋಡಿ, "ಅಲ್ಲೇ ನಿಂತು ಕೈ ಮುಗೀರಿ" ಎಂದರು. ಕೂಸನ್ನು ಕಂಡು ಅಂತಃಕರಣ ಬಂದಿರಬೇಕು, ಒಂದು ತುಂಡು ಹೋಳಿಗೆ ತಂದು, "ಅವ್ವನ ಪ್ರಸಾದ, ತಗೋ ಕೂಸ" ಎಂದು ಮೇಲಿಂದ ಅದರ ಬೊಗಸೆಗೆ ಬಿಟ್ಟರು. ಒಳಗೆ ಹೋದರು.

ಸಪನಾ ಹೋಳಿಗೆ ಹಿಡಿದುಕೊಂಡೇ ಗೋಡೆಯ ತುಂಬ ಹುಡುಕಿದಳು. ಕಾವಲುಗಾರನನ್ನು ನೋಡಿದಳು, ಆನೆ ನೋಡಿದಳು, ಬೆಳ್ಳಿಯ ಕಣ್ಣು ನೋಡಿದಳು.

"ಆಯಿ ಎಲ್ಲಿ ಅಜ್ಜಾ?"

"ಒಳಗದಾಳವ್ವಾ."

"ಈ ಮನಿ ಒಳಗ?"

ಬಾಳು ಬಾಗಿಲ ಕಡೆ ನೋಡಿದ. ಆಮೇಲೆ ಮೊಮ್ಮಗಳ ಎದುರು, ಪದ್ಮವ್ವ ಬಣ್ಣ ಕಲಸುತ್ತಿದ್ದ ಅದೇ ಕಲ್ಲಿನ ಮೇಲೆ ಕುಳಿತ.

"ಇಲ್ಲ. ಈ ಮನಿ ಒಳಗ ಅಕಿನ್ನ ಯಾರೂ ಕರೀಲಿಲ್ಲ. ಆ ಹಳದೀ ಒಳಗ ಅದಾಳ. ಹೋಳಿಗಿ ತಿನ್ನು, ನಿಮ್ಮ ಆಯಿ ಕೊಟ್ಟದ್ದು."

ಕೂಸು ತಿಂದಿತು. ಪ್ರಾಜಕ್ತಾ ಸೆರಗು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದ್ದಳು. ತಿಂದಾದ ಮೇಲೆ ಸಪನಾ ಅಜ್ಜನ ಅಂಗಿಗೆ ಕೈ ಒರೆಸಿ, "ಆಯಿ ಚಲೋ ಮಾಡ್ಯಾಳ" ಎಂದಳು.